ಗಟ್ಟಿ ಗುಂಡು, ಮೆತ್ತನೆ ಗುಂಡು: ಸಿಡ್ನಿಯಿಂದ ಕಡವೆ ಬೆಟ್ಟಕ್ಕೆ

ಜೂನ್ ತಿಂಗಳ ಲಾಂಗ್ ವೀಕೆಂಡಿನ ಹಿಂದಿನ ದಿನ, ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಸಿಡ್ನಿಯ ಮಾರ್ಸ್ಡನ್ ಪಾರ್ಕಿನ ಮನೆಯಿಂದ ಹೊರಟೆ. ಕಾರಿನ ಹಿಂಬದಿಯಲ್ಲಿ ಬೀಗ ಹಾಕಿದ ಉದ್ದನೆಯ ಪೆಟ್ಟಿಗೆ, ಅದರೊಳಗೆ ನನ್ನ ರೈಫಲ್. ಗುಂಡು ಹಾರಿಸಲು ಬೇಕಾದ ಅದರ ಬೋಲ್ಟ್ ಕಳಚಿ ಬೇರೆ ಚೀಲದಲ್ಲಿಟ್ಟಿದ್ದೆ. ತೋಟಾಗಳು ಇನ್ನೊಂದು ಸಣ್ಣ ಡಬ್ಬಿಯಲ್ಲಿ, ಅದಕ್ಕೂ ಪ್ರತ್ಯೇಕ ಬೀಗ. ಗೇಟು ದಾಟುವ ಮೊದಲೇ ಎರಡು ಸಲ ಇಳಿದು ಆ ಬೀಗಗಳನ್ನು ಎಳೆದು ನೋಡಿದೆ.

ಗಂಡ ರಘು ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು ಬಂದ. "ಸಾಂಬಾರ್ ಹೊಡೆಯೋಕೆ ಮೆಲ್ಬರ್ನ್ ತನಕ ಹೋಗ್ಬೇಕಾ? ಮನೇಲೇ ಇದೆಯಲ್ಲ!" ಅಂದ. ಇಲ್ಲಿಯವರು ಕಡವೆಯನ್ನು ಸಾಂಬಾರ್ ಎಂದೇ ಕರೆಯುವುದು. ನನಗೆ ನಗು ಬರಲಿಲ್ಲ. ಅವನು ಡಬ್ಬಿಯನ್ನು ಪಕ್ಕದ ಸೀಟಿನ ಮೇಲಿಟ್ಟು, "ಸುಮಾ, ತಪ್ಪಿದ್ರೆ ತಪ್ಪಲಿ. ಅರ್ಧ ಮಾತ್ರ ತಾಗೋದು ಬೇಡ" ಅಂದ. ರಘು ಮೈಸೂರಿನವನು, ಮೊಟ್ಟೆಯನ್ನೂ ತಿನ್ನದವನು. ಬೇಡ ಎಂದು ಅವನು ಒಮ್ಮೆಯೂ ಹೇಳಿರಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು ಎಂದು ಹೆದ್ದಾರಿ ಸೇರುವವರೆಗೂ ಅನಿಸುತ್ತಿತ್ತು.

ನಾನು ಹುಣಸೂರಿನವಳು. ನಾಗರಹೊಳೆಯ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಕಡವೆ ಕಂಡರೆ ಇಡೀ ಬಸ್ಸು ಒಂದೇ ಪಕ್ಕಕ್ಕೆ ವಾಲುತ್ತಿತ್ತು. ಅಲ್ಲಿ ಅದನ್ನು ಮುಟ್ಟುವಂತಿಲ್ಲ. ಇಲ್ಲಿ ಬಿಳಿಯರು ಹಿಂದೊಮ್ಮೆ ಹಡಗಿನಲ್ಲಿ ತಂದುಬಿಟ್ಟ ಅದೇ ಪ್ರಾಣಿ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಬೆಟ್ಟಗಳಲ್ಲಿ ಮಿತಿಮೀರಿ ಬೆಳೆದಿದೆ. ಲೈಸೆನ್ಸ್ ಇದ್ದವರು ಬೇಟೆಯಾಡಬಹುದು. ಆಫೀಸಿನ ಗೆಳತಿಯೊಬ್ಬಳ ಜೊತೆ ರೈಫಲ್ ಕ್ಲಬ್ಬಿಗೆ ಹೋಗತೊಡಗಿ ನನಗೆ ಕೆಲವು ವರ್ಷಗಳಾಗಿದ್ದವು. ಕಾಗದದ ಗುರಿಗೆ ಚೆನ್ನಾಗಿಯೇ ಹೊಡೆಯುತ್ತಿದ್ದೆ. ಮಾಂಸ ತಿನ್ನುವ ನಾನು ಒಮ್ಮೆಯಾದರೂ ಕೊಲ್ಲುವ ಭಾರವನ್ನೂ ಹೊರಬೇಕು ಎಂಬ ಯೋಚನೆ ಎಲ್ಲಿಂದಲೋ ಬಂದು ಹೋಗದೇ ಉಳಿದುಬಿಟ್ಟಿತ್ತು. ಮೆಲ್ಬರ್ನಿನ ಕ್ಲೇಟನ್ನಿನಲ್ಲಿ ನನ್ನ ಜೊತೆ ಓದಿ ಈಗಲೂ ಅಲ್ಲೇ ಇರುವ ಬೋಪಣ್ಣ ಪ್ರತಿ ಚಳಿಗಾಲವೂ ಬೆಟ್ಟಕ್ಕೆ ಹೋಗುವವನು. ಗೋಣಿಕೊಪ್ಪದ ಕಡೆಯವನು, ಕೋವಿ ಕಂಡು ಬೆಳೆದವನು. ಈ ಸಲ ಬರುತ್ತೇನೆ ಎಂದು ಅವನಿಗೆ ಹೇಳಿದ್ದೆ.

ಹೇಳಿದ ದಿನದಿಂದ ಗುಂಡಿನ ಚಿಂತೆ ಶುರುವಾಯಿತು. ಕಾಗದಕ್ಕೆ ಯಾವ ಗುಂಡಾದರೂ ನಡೆಯುತ್ತದೆ. ಇನ್ನೂರು ಕಿಲೋ ದಾಟುವ ಗಂಡು ಕಡವೆಗೆ ನಡೆಯುವುದಿಲ್ಲ. ಸೀಸದ ಮೊನೆಯ ಮೆತ್ತನೆ ಗುಂಡು ಮೈಗೆ ತಾಗುತ್ತಲೇ ಅಣಬೆಯಂತೆ ಅರಳಿ ದೊಡ್ಡ ಗಾಯ ಮಾಡುತ್ತದೆ. ಆದರೆ ಅದು ಹಗುರವಾಗಿದ್ದು ಭುಜದ ದಪ್ಪ ಎಲುಬಿಗೆ ಬಡಿದರೆ ಅಲ್ಲೇ ಪುಡಿಯಾಗಿ, ಒಳಗಿನ ಶ್ವಾಸಕೋಶ ತಲುಪದೇ ಹೋಗಬಹುದು. ಪೂರಾ ತಾಮ್ರದ ಗಟ್ಟಿ ಗುಂಡು ಎಲುಬನ್ನೂ ಸೀಳಿಕೊಂಡು ಆಳಕ್ಕೆ ಇಳಿಯುತ್ತದೆ. ಭುಜ ಮುರಿದ ಕಡವೆಯೊಂದು ಮೂರು ಕಾಲಿನಲ್ಲಿ ಓಡಿದ ಕಥೆಯನ್ನು ಇಂಟರ್ನೆಟ್ಟಿನಲ್ಲಿ ಓದಿದ ಮೇಲೆ ನಾನು ತಾಮ್ರದ್ದನ್ನೇ ಕೊಂಡೆ. ಬೇರೆ ಗುಂಡು ಹಾಕಿದರೆ ಅದೇ ರೈಫಲ್ಲಿನ ಏಟು ಬೇರೆಡೆ ಬೀಳುತ್ತದೆ. ಹಾಗಾಗಿ ಕ್ಲಬ್ಬಿನಲ್ಲಿ ರೈಫಲ್ ಮೇಲಿನ ದುರ್ಬೀನನ್ನು ಆ ತಾಮ್ರದ ಗುಂಡಿಗೇ ಹೊಂದಿಸಿಕೊಂಡಿದ್ದೆ.

ಗೋಲ್ಬರ್ನ್ ಬರುವಾಗ ಹೊಲಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿತ್ತು. ಪೆಟ್ರೋಲ್ ಹಾಕಿಸಿ ಒಳಗೆ ಹೋಗಿ ದುಡ್ಡು ಕೊಡುವಷ್ಟು ಹೊತ್ತೂ ಕಣ್ಣು ಕಾರಿನ ಮೇಲೇ ಇತ್ತು. ಗುಂಡಗೈ ಹತ್ತಿರ ರೆಸ್ಟ್ ಏರಿಯಾದಲ್ಲಿ ಎಲ್ಲರೂ ಬೆಂಚಿನ ಮೇಲೆ ಬಿಸಿಲು ಕಾಯಿಸುತ್ತಿದ್ದರೆ ನಾನು ಸ್ಟಿಯರಿಂಗಿನ ಹಿಂದೆಯೇ ಕೂತು ತಣ್ಣಗಾದ ಚಿತ್ರಾನ್ನ ತಿಂದೆ. ರೈಫಲ್ ಬಿಟ್ಟು ದೂರ ಹೋಗಲು ಮನಸ್ಸು ಬರಲಿಲ್ಲ.

ಆಲ್ಬರಿಗೆ ಸ್ವಲ್ಪ ಮೊದಲು ಪೊಲೀಸರು ಸಾಲಾಗಿ ಕಾರು ನಿಲ್ಲಿಸಿ ಕುಡಿದಿದ್ದಾರಾ ಎಂದು ಪರೀಕ್ಷೆ ಮಾಡುತ್ತಿದ್ದರು. ನಾನು ಕೊಳವೆ ಊದಿ ಮುಗಿಸಿ, ಕೇಳುವ ಮೊದಲೇ "ಹಿಂದೆ ರೈಫಲ್ ಇದೆ" ಅಂದೆ. ನಡು ವಯಸ್ಸಿನ ಆ ಪೊಲೀಸ್ ಲೈಸೆನ್ಸ್ ನೋಡಿದ, ಬೀಗ ನೋಡಿದ. ಎಲ್ಲ ಸರಿಯಾಗಿತ್ತು.

"ಯಾವುದರ ಬೇಟೆ?"

"ಸಾಂಬಾರ್. ಮೊದಲನೇ ಸಲ."

"ದೊಡ್ಡ ಪ್ರಾಣಿ. ಯಾವ ಗುಂಡು?" ಅಂದ. ಹೇಳಿದೆ. ತಲೆದೂಗಿದ. "ಒಳ್ಳೇದೇ. ನನ್ನ ಭಾವಮೈದ ಕಳೆದ ವರ್ಷ ಒಂದಕ್ಕೆ ಹೊಡೆದ. ಇವತ್ತಿಗೂ ಸಿಕ್ಕಿಲ್ಲ. ಅದರ ಮಾತೆತ್ತಿದರೆ ಎದ್ದು ಹೊರಗೆ ಹೋಗ್ತಾನೆ." ಶುಭವಾಗಲಿ ಎಂದು ಕೈ ಬೀಸಿ ಕಳಿಸಿದ. ಅಲ್ಲಿಂದ ಮೆಲ್ಬರ್ನಿನ ತನಕ ನನ್ನ ಜೊತೆ ಬಂದದ್ದು ಆ ಕಾಣದ ಭಾವಮೈದ.

ಕ್ಲೇಟನ್ ಸೇರಿದಾಗ ಕತ್ತಲು ಕವಿಯತೊಡಗಿತ್ತು. ಬಸ್ ಸ್ಟಾಪಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗ ಹುಡುಗಿಯರು ನಡುಗುತ್ತಾ ನಿಂತಿದ್ದರು. ಓದುವಾಗ ನಾವೂ ಅಲ್ಲೇ ನಿಲ್ಲುತ್ತಿದ್ದೆವು. ಬೋಪಣ್ಣ ಬಿಸಿ ಅನ್ನ, ಮೀನು ಸಾರು ಮಾಡಿಟ್ಟಿದ್ದ. ಊಟವಾದ ಮೇಲೆ ಮೇಜಿನ ಮೇಲೆ ತನ್ನ ತೋಟಾವೊಂದನ್ನು ನನ್ನದರ ಪಕ್ಕದಲ್ಲಿ ನಿಲ್ಲಿಸಿದ. ಅವನದು ತೂಕದ್ದು, ಸೀಸದ್ದೇ, ಆದರೆ ಮೇಲಿನ ತಾಮ್ರದ ಹೊದಿಕೆಗೆ ಸೀಸ ಬೆಸೆದುಕೊಂಡಿರುವಂಥದ್ದು. ಅರಳುತ್ತದೆ, ಆದರೆ ಪುಡಿಯಾಗುವುದಿಲ್ಲ.

"ನಿಂದು ಕೆಟ್ಟದ್ದಲ್ಲ," ಅಂದ. "ಎಲುಬಿಗೆ ಬಿದ್ರೆ ಇದರಂಥದ್ದಿಲ್ಲ. ಬರೀ ಪಕ್ಕೆಗೆ ಬಿದ್ರೆ ಕೆಲವು ಸಲ ಅರಳೋದೇ ಇಲ್ಲ, ಸೂಜಿ ಥರ ಆಚೆ ಹೋಗ್ತದೆ."

"ಹಾಗಾದ್ರೆ ನಿಂದೇ ಕೊಡು."

"ನಂದು ನಿನ್ನ ರೈಫಲ್ಲಿಗೆ ಹಿಡಿಯೋಲ್ಲ. ಈಗ ಅಂಗಡೀಲಿ ಬೇರೆ ತಂದ್ರೂ ಗುರಿ ಮತ್ತೆ ಕೂರಿಸ್ಬೇಕು. ಟೈಮ್ ಎಲ್ಲಿದೆ? ನೀನು ಸುಮ್ನೆ ಭುಜಕ್ಕೇ ಹೊಡಿ ಸುಮಾ. ಭುಜ ಬಿಟ್ಟು ಹಿಂದಕ್ಕೆ ಹೋಗ್ಬೇಡ, ಅಷ್ಟೇ."

ಭುಜಕ್ಕೆ ಬಿದ್ದರೆ ಏನಾಗುತ್ತದೋ ಎಂದು ಹೆದರಿಯೇ ನಾನು ಈ ಗುಂಡು ಕೊಂಡಿದ್ದು. ಈಗ ಭುಜ ತಪ್ಪಿದರೆ ಏನಾಗುತ್ತದೋ ಎಂಬ ಹೆದರಿಕೆ.

ಶನಿವಾರ ಪೂರ್ವಕ್ಕೆ ಹೊರಟು, ಟ್ರಾರಲ್ಗನ್ ದಾಟಿ, ಹೇಫೀಲ್ಡಿನ ಆಚೆ ಬೆಟ್ಟದ ರಸ್ತೆ ಹಿಡಿದೆವು. ಸುಮಾರು ಮೂರು ಗಂಟೆಯ ದಾರಿ. ಕೊನೆಯ ಭಾಗದಲ್ಲಿ ಮಂಜು ಎಷ್ಟಿತ್ತೆಂದರೆ ಮುಂದಿನ ತಿರುವೂ ಕಾಣುತ್ತಿರಲಿಲ್ಲ. ನಾವು ಉಳಿದುಕೊಂಡದ್ದು ಜೋನ್ ಎಂಬ ಎಪ್ಪತ್ತು ದಾಟಿದ ಹೆಂಗಸಿನ ಕುರಿ ಫಾರ್ಮಿನಲ್ಲಿ. ಕಡವೆಗಳು ಬೇಲಿ ಮುರಿದು ಅವರ ಹುಲ್ಲುಗಾವಲಿಗೆ ನುಗ್ಗುತ್ತಿದ್ದವು. ಬೋಪಣ್ಣನ ಮೇಲೆ ಅವರಿಗೆ ವಿಶ್ವಾಸ. ನನ್ನ ಕೈ ಕುಲುಕಿ, "ಕೈ ಇಷ್ಟು ತಣ್ಣಗಿದೆ!" ಅಂದರು. ಚಳಿಯಿಂದ ಎಂದು ಹೇಳಿದೆ.

ಆ ಮಧ್ಯಾಹ್ನ ಜೌಗಿನ ಬಳಿ ದೊಡ್ಡ ಗೊರಸಿನ ಹೆಜ್ಜೆಗಳು ಕಂಡವು, ಪ್ರಾಣಿ ಕಾಣಲಿಲ್ಲ. ಭಾನುವಾರ ಬೆಳಗ್ಗೆ ಹೆಣ್ಣು ಕಡವೆಯೊಂದು ನಮ್ಮ ವಾಸನೆ ಹಿಡಿದು 'ಪೋಂಕ್' ಎಂದು ಕೂಗಿ ಇಡೀ ಕಣಿವೆಯನ್ನು ಎಚ್ಚರಿಸಿತು. ನನಗೆ ಒಳಗೊಳಗೇ ನಿರಾಳವಾಯಿತು. ಖಾಲಿ ಕೈಯಲ್ಲಿ ವಾಪಸ್ ಹೋಗಬಹುದು ಎಂದುಕೊಂಡು ಮಧ್ಯಾಹ್ನ ಜೋನ್ ಮಾಡಿದ ಸೂಪನ್ನು ಹೊಟ್ಟೆ ತುಂಬ ಕುಡಿದೆ.

ಸಂಜೆಗೆ ಇನ್ನೂ ಹೊತ್ತಿತ್ತು. ಕಣಿವೆಯ ಈಚೆ ಬಂಡೆಯ ಮೇಲೆ ಮಲಗಿ ನಾವಿಬ್ಬರೂ ಎದುರಿನ ಇಳಿಜಾರು ನೋಡುತ್ತಿದ್ದೆವು. ಬೋಪಣ್ಣ ನನ್ನ ತೋಳು ಒತ್ತಿದ. ಜರೀಗಿಡಗಳ ನಡುವಿನಿಂದ ಗಂಡು ಕಡವೆಯೊಂದು ಹೊರಗೆ ಬಂದು ನಿಂತಿತು. ಕಪ್ಪು ಕುತ್ತಿಗೆ, ಒದ್ದೆ ಮೈ. ಊರಿನ ಬಸ್ಸಿನಿಂದ ಕಂಡದ್ದಕ್ಕಿಂತ ದೊಡ್ಡದು. ನನಗಂತೂ ಹಾಗೆ ಕಂಡಿತು.

"ಅಡ್ಡ ನಿಂತಿದೆ. ಭುಜಕ್ಕೆ," ಎಂದು ಪಿಸುಗುಟ್ಟಿದ.

ಚೀಲದ ಮೇಲೆ ರೈಫಲ್ ಊರಿದೆ. ಗುರಿಯ ಗೆರೆ ಭುಜದ ಮೇಲೆ ಕೂತಿತು. ಉಸಿರು ಬಿಟ್ಟು ಟ್ರಿಗರ್ ಒತ್ತುವ ಹೊತ್ತಿಗೆ ಕಡವೆ ಒಂದು ಹೆಜ್ಜೆ ಮುಂದೆ ಇಟ್ಟಿತು. ಬೆರಳು ನಿಲ್ಲಲಿಲ್ಲ.

ಸದ್ದು ಕಣಿವೆಯಲ್ಲಿ ಉರುಳಿಕೊಂಡು ಹೋಯಿತು. ಕಡವೆ ಬೀಳಲಿಲ್ಲ, ಮುಗ್ಗರಿಸಲೂ ಇಲ್ಲ. ತಿರುಗಿ ಜರೀಗಿಡದೊಳಗೆ ಮಾಯವಾಯಿತು.

"ತಪ್ಪಿತು," ಅಂದ ಬೋಪಣ್ಣ.

"ಇಲ್ಲ. ತಾಗಿದೆ. ಹಿಂದಕ್ಕೆ ತಾಗಿದೆ."

"ನಂಗೆ ಹಾಗೆ ಕಾಣ್ಲಿಲ್ಲ."

"ಅಣ್ಣ, ಹೋಗಿ ನೋಡೋಣ." ಅವನನ್ನು ನಾನು ಯಾವತ್ತೂ ಅಣ್ಣ ಎಂದವಳಲ್ಲ. ಅವನು ನನ್ನ ಮುಖ ನೋಡಿ ಎದ್ದ.

ಹಳ್ಳ ಇಳಿದು ಆ ಕಡೆ ಹತ್ತಿದೆವು. ಅದು ನಿಂತಿದ್ದ ಜಾಗದಲ್ಲಿ ರಕ್ತವಿರಲಿಲ್ಲ. ಒಂದಿಷ್ಟು ಕತ್ತರಿಸಿದಂತಿದ್ದ ಕೂದಲು ಮಾತ್ರ. ಬೋಪಣ್ಣ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, "ತಾಗಿದೆ" ಅಂದ. ಸೂಜಿಯ ಮಾತು ಇಬ್ಬರಿಗೂ ನೆನಪಾಗಿತ್ತು. ಜರೀಗಿಡದೊಳಗೆ ಎರಡು ದಾರಿ ಕವಲೊಡೆದಿದ್ದವು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿನ ಮೇಲೆ ಕಡವೆಗೆ ಹೊಡೆಯುವಂತಿಲ್ಲ, ಕಾನೂನು. ಅಷ್ಟರೊಳಗೆ ಸಿಗದಿದ್ದರೆ ಅದು ಚಳಿಯಲ್ಲಿ ಇಡೀ ರಾತ್ರಿ ನರಳಬೇಕಿತ್ತು.

ಬೋಪಣ್ಣ ಜೋನ್‌ಗೆ ಫೋನ್ ಮಾಡಿದ. ಅವರು ನಾಲ್ಕು ಚಕ್ರದ ಕ್ವಾಡ್ ಬೈಕಿನಲ್ಲಿ ತಮ್ಮ ಮುದಿ ನಾಯಿ ಟೆಸ್ಸಿಯನ್ನು ಕೂರಿಸಿಕೊಂಡು ಬಂದರು. ಬೈಯುತ್ತಾರೆ ಎಂದುಕೊಂಡಿದ್ದೆ. "ಇನ್ನೂ ಬೆಳಕಿದೆ, ನಡೀರಿ" ಎಂದಷ್ಟೇ ಹೇಳಿ ನಾಯಿಯ ಹಗ್ಗ ಬೋಪಣ್ಣನ ಕೈಗೆ ಕೊಟ್ಟು ತಾವೂ ಹಿಂದೆ ಬಂದರು.

ಟೆಸ್ಸಿ ಕೂದಲು ಮೂಸಿ, ಎರಡು ದಾರಿಗಳಲ್ಲಿ ನಾನು ಊಹಿಸಿರದ ದಾರಿ ಹಿಡಿದಳು. ಬ್ಲ್ಯಾಕ್‌ಬೆರಿ ಮುಳ್ಳು ಕೈ ಗೀರಿತು, ಕೆಸರಿನಲ್ಲಿ ಬೂಟು ಹೂತಿತು. ಬಹಳ ದೂರ ಹೋದ ಮೇಲೆ ಒಂದು ಎಲೆಯ ಮೇಲೆ ನಸುಗೆಂಪು ನೊರೆ ಕಂಡಿತು. "ಶ್ವಾಸಕೋಶದ್ದು," ಅಂದ ಬೋಪಣ್ಣ. ನನಗೆ ಸಮಾಧಾನವಾಯಿತು. ಆದರೆ ಇಷ್ಟು ದೂರ ಅದು ಹೀಗೆ ಉಸಿರಾಡುತ್ತಾ ನಡೆದಿತ್ತು.

ಹಳ್ಳದ ತಿರುವಿನಲ್ಲಿ ಟೆಸ್ಸಿ ನಿಂತಳು. ಕಡವೆ ಮೊಣಕಾಲು ಮಟ್ಟದ ನೀರಿನಲ್ಲಿ, ದಡಕ್ಕೆ ಬೆನ್ನು ಕೊಟ್ಟು ನಿಂತಿತ್ತು. ತಲೆ ಎತ್ತಿಯೇ ಇತ್ತು. ನಮ್ಮನ್ನು ನೋಡಿತು, ಓಡಲಿಲ್ಲ. ಅದರ ಪಕ್ಕೆ ಬೇಗ ಬೇಗ ಏರಿಳಿಯುತ್ತಿತ್ತು.

"ನಾನು ಹೊಡೀಲಾ?" ಬೋಪಣ್ಣ ಮೆಲ್ಲಗೆ ಕೇಳಿದ.

ಹೌದು ಎನ್ನಲು ಬಾಯಿ ತೆರೆದೆ. "ಬೇಡ. ನಾನೇ" ಎಂದು ಬಂತು.

ಈ ಸಲ ಗುಂಡು ಭುಜಕ್ಕೇ ಬಿತ್ತು. ಅದು ನಿಂತಲ್ಲೇ ಕುಸಿಯಿತು. ನೀರು ಸ್ವಲ್ಪ ಹೊತ್ತು ಅಲುಗಾಡಿ ನಿಂತಿತು. ನಾನು ದಡದಲ್ಲಿ ಕೂತುಬಿಟ್ಟೆ. ಜೋನ್ ಬಂದು ಪಕ್ಕದಲ್ಲಿ ಕೂತರು. ಟೆಸ್ಸಿಯ ಒದ್ದೆ ಕಾಲುಗಳನ್ನು ತಮ್ಮ ಮಫ್ಲರಿನಿಂದ ಒರೆಸತೊಡಗಿದರು.

ಸೀಳುವಾಗ ಬೋಪಣ್ಣ ಮೊದಲಿನ ಗಾಯ ತೋರಿಸಿದ. ಗುಂಡು ಎರಡು ಪಕ್ಕೆಲುಬುಗಳ ನಡುವೆ ಹೊಕ್ಕು, ಶ್ವಾಸಕೋಶದ ಹಿಂಬದಿಯ ಅಂಚನ್ನು ತೂರಿಕೊಂಡು ಆಚೆ ಹೋಗಿತ್ತು. ಹೊಕ್ಕ ತೂತು, ಹೊರಬಂದ ತೂತು ಎರಡೂ ಒಂದೇ ಅಳತೆ. ಅರಳಿಯೇ ಇರಲಿಲ್ಲ. ಎರಡನೆಯದು ಭುಜದ ಎಲುಬನ್ನು ಮುರಿದು ಹೃದಯದ ತನಕ ಹೋಗಿತ್ತು. ಒಂದೇ ಡಬ್ಬಿಯ ಎರಡು ತೋಟಾ.

"ಮೆತ್ತನೆದಾಗಿದ್ರೆ ಮೊದಲ ಸಲವೇ ಬೀಳ್ತಿತ್ತಾ?" ಎಂದು ಕೇಳಿದೆ.

"ಬೀಳ್ತಿತ್ತೇನೋ." ಚಾಕು ಒರೆಸಿಕೊಂಡ. "ಆದ್ರೆ ಅದು ಹೆಜ್ಜೆ ಇಡದೇ ಇದ್ದಿದ್ರೆ, ಭುಜಕ್ಕೆ ತಾಗಿ, ಮೆತ್ತನೆದು ಒಡೆದು... ಗೊತ್ತಿಲ್ಲ ಸುಮಾ. ನಿಜವಾಗ್ಲೂ ಗೊತ್ತಿಲ್ಲ."

ಮಾಂಸವನ್ನು ಮೂರು ಪಾಲು ಮಾಡಿ ಒಂದನ್ನು ಜೋನ್‌ಗೆ ಕೊಟ್ಟೆವು. ರಘುವಿಗೆ ಫೋನ್ ಮಾಡಿ ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಅವನು ಎಲ್ಲವನ್ನೂ ಕೇಳಿ, "ಹುಷಾರಾಗಿ ಡ್ರೈವ್ ಮಾಡ್ಕೊಂಡು ಬಾ" ಅಂದ.

ಸೋಮವಾರ ಬೆಳಗ್ಗೆ ಬೆಟ್ಟ ಇಳಿದು ಕ್ಲೇಟನ್ನಿಗೆ ಬಂದು, ಕಾಫಿ ಕುಡಿದು ಸಿಡ್ನಿಗೆ ಹೊರಟೆ. ಬೋಪಣ್ಣ ಐಸು ತುಂಬಿದ ಮಾಂಸದ ಪೆಟ್ಟಿಗೆಯನ್ನು ಕಾರಿನಲ್ಲಿ ಜೋಡಿಸಿಕೊಟ್ಟ. ಬೀಗಗಳನ್ನು ಎಳೆದು ನೋಡುತ್ತಾ ನಾನು, "ಇನ್ನೊಂದು ಸಲಕ್ಕೆ ನಿನ್ನ ಥರದ್ದೇ ತರ್ತೀನಿ, ಬೆಸೆದಿರೋದು. ತಿಂಗಳುಗಟ್ಟಲೆ ಮುಂಚೇನೇ ಗುರಿ ಕೂರಿಸ್ಕೋತೀನಿ" ಅಂದೆ.

ಅವನು ನನ್ನನ್ನೇ ನೋಡಿದ. "ಹಾಗಾದ್ರೆ ಮತ್ತೆ ಬರ್ತೀಯ?"

ಆಗಲೇ ನನಗೆ ಗೊತ್ತಾದದ್ದು ನಾನು ಏನು ಹೇಳಿದೆ ಎಂದು. ಕಾರು ಹೊರಡಿಸಿದೆ. ಬೀದಿಯ ಕೊನೆಯಲ್ಲಿ ಕನ್ನಡಿ ನೋಡಿದರೆ ಬೋಪಣ್ಣ ಇನ್ನೂ ಗೇಟಿನ ಬಳಿಯೇ ಇದ್ದ, ಕೈ ಬೀಸುವುದನ್ನೂ ಮರೆತು, ಕೇಳಿದ್ದಕ್ಕೆ ಉತ್ತರ ಬರುತ್ತದೆ ಎಂದು ಕಾಯುತ್ತಿರುವವನಂತೆ.