ಸೊಪ್ಪು ತಾತನ ಕಾರಿನ ಕೀ

ಮೊನ್ನೆ ಶುಕ್ರವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಹುಣಸೆಹಣ್ಣು ಕಿವುಚುತ್ತ ನಿಂತಿದ್ದೆ. ಹೊರಗೆ ಧಡ್ ಎಂದು ಸದ್ದಾಯಿತು. ಶೋರ್‌ಲೈನ್ ಎಂಬ ಈ ಪರದೇಶದ ಊರಿನ ನಮ್ಮ ಬೀದಿಯಲ್ಲಿ ಈ ಸದ್ದಿಗೆ ಇರುವುದು ಒಂದೇ ಅರ್ಥ. ಯಾರೋ ಕಾರು ಹಿಂದಕ್ಕೆ ತೆಗೆಯುವಾಗ ಕಸದ ಡಬ್ಬಿಗೆ ಗುದ್ದಿದ್ದಾರೆ. ಕೈ ಕೂಡ ತೊಳೆಯದೆ ಬಾಗಿಲಿಗೆ ಓಡಿದೆ. ಓಡುವಾಗ ಬಾಯಿಂದ ಬಂದದ್ದು, “ಅಯ್ಯೋ, ಸೊಪ್ಪು ತಾತ!”

ಹೊಸ್ತಿಲು ದಾಟಿದ ಮೇಲೆ ನೆನಪಾಯಿತು, ಸೊಪ್ಪು ತಾತ ತೀರಿಕೊಂಡು ಎಷ್ಟೋ ವರ್ಷಗಳಾದವು. ಡಬ್ಬಿ ಉರುಳಿಸಿದ್ದು ಕಾಲೇಜಿನ ರಜೆಗೆ ಬಂದಿರುವ ನನ್ನ ಮಗಳು ಅನನ್ಯ. ಅವಳು ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಇಟ್ ವಾಸ್ ದ ವಿಂಡ್, ಅಮ್ಮ” ಎಂದಳು. ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಈ ಸಬೂಬು ಕೂಡ ತಾತನಿಂದಲೇ ಕಲಿತದ್ದು.

ಸೊಪ್ಪು ತಾತ ಯಾರೆಂದು ನಿಮಗೆ ಹೇಳಬೇಕಲ್ಲ. ಪಕ್ಕದ ಮನೆಯ ಎಂಬತ್ತು ದಾಟಿದ ಯಹೂದಿ ಅಜ್ಜ, ಹೆಸರು ಹರ್ಬ್. ನಾವು ಈ ಮನೆಗೆ ಬಂದ ಹೊಸತರಲ್ಲಿ, ಅಂದರೆ ಎರಡು ಸಾವಿರದ ಹತ್ತರ ಆಚೀಚೆ, ಆ ಹೆಸರು ಕೇಳಿ ಒಳಗೊಳಗೇ ನಕ್ಕಿದ್ದೆ. ಹರ್ಬ್ ಎಂದರೆ ನನ್ನ ಲೆಕ್ಕದಲ್ಲಿ ಕೊತ್ತಂಬರಿ, ಪುದೀನ, ಒಟ್ಟಿನಲ್ಲಿ ಸೊಪ್ಪು. ಧಾರವಾಡದ ಕಡೆಯವರಾದ ನನ್ನ ಗಂಡ ಇದಕ್ಕೂ ತಕರಾರು ತೆಗೆದರು. “ಸೊಪ್ಪು ಅಲ್ಲ, ತಪ್ಪಲಾ ಅನ್ನು” ಎಂದರು. ಮೈಸೂರಿನವಳಾದ ನಾನು ಬಿಡಲಿಲ್ಲ. ಕೊನೆಗೆ ಪುಟ್ಟ ಅನನ್ಯ ‘ಸೊಪ್ಪು ತಾತ’ ಎಂದೇ ಕರೆದು ತೀರ್ಪು ಕೊಟ್ಟುಬಿಟ್ಟಳು. ಅದರ ಅರ್ಥ ಹೇಳಿದಾಗ ಅಜ್ಜ ಬೇಸರಿಸಲಿಲ್ಲ. “ಇದಕ್ಕಿಂತ ಕೆಟ್ಟ ಹೆಸರುಗಳಿಂದ ಕರೆಸಿಕೊಂಡಿದ್ದೀನಿ, ಅದೂ ನನ್ನ ಹೆಂಡತಿಯಿಂದ” ಎಂದರು.

ಅವರು ಯೂನಿವರ್ಸಿಟಿ ಡಿಸ್ಟ್ರಿಕ್ಟ್ ಎಂಬ ಪೇಟೆಯಲ್ಲಿ ಬಹಳ ಕಾಲ ಶೂ ಅಂಗಡಿ ನಡೆಸಿದವರು. ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದಾಗ ಬಾಗಿಲಲ್ಲಿ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳನ್ನು ನೋಡಿ ಗಕ್ಕನೆ ನಿಂತರು. “ನನ್ನ ಜೀವಮಾನದ ದುಡಿಮೆಯನ್ನೆಲ್ಲ ಹೊರಗೇ ಬಿಟ್ಟು ಒಳಗೆ ಬರಬೇಕಾ?” ಎಂದು ಕೇಳಿ, ಗೋಡೆ ಹಿಡಿದು ಬಗ್ಗಿ ಲೇಸು ಬಿಚ್ಚತೊಡಗಿದರು. (ಅವರ ಇಂಗ್ಲಿಷನ್ನು ನನ್ನ ಕನ್ನಡಕ್ಕೆ ತಂದುಕೊಂಡು ಹೇಳುತ್ತಿದ್ದೇನೆ. ನನ್ನ ನೆನಪಿನಲ್ಲಿ ಅವರು ಈಗ ಕನ್ನಡದಲ್ಲೇ ಮಾತಾಡುತ್ತಾರೆ, ಏನು ಮಾಡಲಿ.) ನಮ್ಮ ಊಟ ಅವರಿಗೆ ಬಲು ಇಷ್ಟ. ಅವರ ಪದ್ಧತಿಯಲ್ಲಿ ಮಾಂಸವನ್ನೂ ಹಾಲನ್ನೂ ಬೆರೆಸುವಂತಿಲ್ಲ. ನಮ್ಮ ಮನೆಯಲ್ಲಿ ಮಾಂಸವೇ ಇಲ್ಲದ್ದರಿಂದ ಏನನ್ನೂ ವಿಚಾರಿಸದೆ ಮಜ್ಜಿಗೆಯವರೆಗೂ ನೆಮ್ಮದಿಯಾಗಿ ಉಣ್ಣಬಹುದಿತ್ತು.

ತಾತನಿಗೆ ಇಬ್ಬರು ಮಕ್ಕಳು. ಮಗಳು ಡೆಬ್ರಾ ಶಾಲೆಯಲ್ಲಿ ನಾಟಕ ಕಲಿಸುತ್ತಿದ್ದಳು. ಮಗ ಆಲನ್ ಟೋಟೆಮ್ ಲೇಕ್‌ನಲ್ಲಿ ಕಣ್ಣಿನ ಡಾಕ್ಟರು. ಇಬ್ಬರಿಗೂ ಐವತ್ತರ ಹತ್ತಿರ. ಇಬ್ಬರೂ ಒಮ್ಮತಕ್ಕೆ ಬರುತ್ತಿದ್ದ ಒಂದೇ ವಿಷಯವೆಂದರೆ ಅಪ್ಪ ಇನ್ನು ಕಾರು ಓಡಿಸಬಾರದು ಎನ್ನುವುದು. ಅದು ತಪ್ಪೆಂದು ನಾನು ಹೇಳಲಾರೆ, ಏಕೆಂದರೆ ಉರುಳುತ್ತಿದ್ದದ್ದು ನಮ್ಮ ಡಬ್ಬಿ. ತಾತ ಮಾತ್ರ ಪ್ರತಿ ಸಲವೂ ಆಕಾಶ ನೋಡಿ, “ಇವತ್ತು ಗಾಳಿ ಜಾಸ್ತಿ” ಎನ್ನುತ್ತಿದ್ದರು. ಮಗನ ಹತ್ತಿರ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಲೂ ಒಪ್ಪುತ್ತಿರಲಿಲ್ಲ. “ಅವನಿಗೆ ಅಕ್ಷರ ಕಲಿಸಿದ್ದು ನಾನು. ಈಗ ಅವನು ಬೋರ್ಡು ತೋರಿಸಿ ನನಗೆ ‘ಓದು’ ಅಂತಾನಾ?” ಎಂದು ಗುರ್ರೆನ್ನುತ್ತಿದ್ದರು.

ಕಾರು ಅವರಿಗೆ ಬೇಕಾಗಿದ್ದದ್ದು ವಾರಕ್ಕೊಂದು ದಿನ. ಶುಕ್ರವಾರ ಮಧ್ಯಾಹ್ನ ತಮ್ಮ ಹಳೆಯ ಅಂಗಡಿಯ ಬೀದಿಗೆ ಹೋಗಿ, ಅಲ್ಲಿನ ಬೇಕರಿಯಿಂದ ಜಡೆ ಹೆಣೆದಂತಿರುವ ಬ್ರೆಡ್ಡು ತರುತ್ತಿದ್ದರು. ಸಂಜೆ ದೀಪ ಹಚ್ಚಿ ಆ ಬ್ರೆಡ್ಡು ಮುರಿದರೆ ಅವರ ವಾರದ ವಿಶ್ರಾಂತಿಯ ದಿನ ಶುರುವಾದಂತೆ. ಹೆಂಡತಿ ಇದ್ದಾಗ ಇಬ್ಬರೂ ಹೋಗುತ್ತಿದ್ದರು. ಆಕೆ ತೀರಿಕೊಂಡ ಮೇಲೆ ಇವರೊಬ್ಬರೇ ಹೋಗಿ ಎರಡು ಬ್ರೆಡ್ಡು ತಂದು, ಒಂದನ್ನು ನಮ್ಮ ಮನೆಗೆ ಕೊಡುತ್ತಿದ್ದರು. ಕೀ ಕೊಟ್ಟುಬಿಟ್ಟರೆ ಆ ಶುಕ್ರವಾರಗಳೂ ಹೋಗುತ್ತವೆ ಎನ್ನುವುದೇ ಅವರ ಭಯ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ನನಗೆ ಗೊತ್ತಾಗಿದ್ದು ಒಂದು ಶುಕ್ರವಾರ ಹಿಮ ಬಿದ್ದು ರಸ್ತೆ ಮುಚ್ಚಿದಾಗ. ಅವತ್ತು ಅವರು ಕೋಟು ಟೋಪಿ ಹಾಕಿಕೊಂಡು ಸಂಜೆಯವರೆಗೂ ಕಿಟಕಿಯ ಹತ್ತಿರ ಕೂತೇ ಇದ್ದರು. ನಾನು ಚಪಾತಿ ಮಾಡಿ ತೆಗೆದುಕೊಂಡು ಹೋದೆ. ತಿಂದರು, ಆದರೆ ಕೋಟು ಟೋಪಿ ತೆಗೆಯಲಿಲ್ಲ.

ಹೀಗಿರುವಾಗ ಡೆಬ್ರಾಗೆ ಸಿನಿಮಾದ ಹುಚ್ಚು ಹತ್ತಿತು. ಅದೆಲ್ಲೋ ಸಂಜೆ ತರಗತಿಗೆ ಸೇರಿ, ಕೊನೆಗೆ ಪುಟ್ಟದೊಂದು ಹಾಸ್ಯಚಿತ್ರ ತೆಗೆಯಬೇಕೆಂದು ಕತೆ ಬರೆದಳು. ವಯಸ್ಸಾದ ಯಹೂದಿ ಅಪ್ಪ, ದೊಡ್ಡವರಾದ ಇಬ್ಬರು ಮಕ್ಕಳು, ಒಂದು ಹಳೆಯ ಕಾರು. ಕಲ್ಪನೆಗೆ ಹೆಚ್ಚು ತೊಂದರೆ ಕೊಟ್ಟಿರಲಿಲ್ಲ ನೋಡಿ. ಅಪ್ಪನ ಪಾತ್ರಕ್ಕೆ ಅಪ್ಪನೇ, ಮಗನ ಪಾತ್ರಕ್ಕೆ ಮುಖ ಗಂಟಿಕ್ಕಿಕೊಂಡ ಆಲನ್, ಮಗಳ ಪಾತ್ರಕ್ಕೆ ತಾನೇ. ತಾತ ಕತೆ ಓದಿ ನಮ್ಮ ಮನೆಗೆ ಬಂದು ದೂರಿದರು. “ಒಳ್ಳೆ ಜೋಕೆಲ್ಲ ಮಕ್ಕಳಿಗೆ ಕೊಟ್ಟಿದ್ದಾಳೆ. ನಾನು ಬರೀ ಕನ್ನಡಕ ಹುಡುಕಬೇಕಂತೆ.” ಅಸಲಿ ತಕರಾರು ಅದಲ್ಲ ಎಂದು ನನಗೆ ಗೊತ್ತಿತ್ತು. ಕೊನೆಯ ದೃಶ್ಯದಲ್ಲಿ ಅಪ್ಪ ಕಾರಿನ ಕೀಯನ್ನು ಮಕ್ಕಳ ಕೈಗೆ ಕೊಟ್ಟು, “ಸರಿ, ನೀವೇ ಗೆದ್ದಿರಿ” ಎನ್ನಬೇಕಿತ್ತು.

ಆ ದೃಶ್ಯದಲ್ಲಿ ನಾನೂ ಇದ್ದೆ! ಅಡುಗೆ ತಂದುಕೊಡುವ ಪಕ್ಕದ ಮನೆಯ ಭಾರತೀಯ ಹೆಂಗಸು. ನನಗೆ ಇದ್ದದ್ದು ಒಂದೇ ಮಾತು. “ಇನಫ್, ಹರ್ಬ್. ಗಿವ್ ದೆಮ್ ದ ಕೀಸ್.” ಈ ಸುದ್ದಿ ತಿಳಿದಾಗಿನಿಂದ ನನ್ನ ಗಂಡನಿಗೆ ನಗು ತಡೆಯಲಾಗಲಿಲ್ಲ. “ಏನವ್ವಾ, ಸಿನಿಮಾದಾಗ ಆ್ಯಕ್ಟ್ ಮಾಡ್ತೀಯಂತಲ್ಲ? ನಾಳಿಂದ ನಮ್ಮ ಕೂಡ ಮಾತಾಡ್ತೀಯೋ ಇಲ್ಲೋ?” ಎಂದು ಕಾಡಿದರು. ನನ್ನ ಕಷ್ಟ ಬೇರೆಯೇ ಇತ್ತು. ಆ ಮನೆಯ ಪಕ್ಕದಲ್ಲಿ ಅಷ್ಟು ವರ್ಷ ಇದ್ದರೂ ನಾನು ಅವರನ್ನು ಒಮ್ಮೆಯೂ ‘ಹರ್ಬ್’ ಎಂದು ಕರೆದಿರಲಿಲ್ಲ. ಅಪ್ಪನಿಗಿಂತ ದೊಡ್ಡವರನ್ನು ಹೆಸರು ಹಿಡಿದು ಕರೆಯುವುದು ಹೇಗೆ, ನೀವೇ ಹೇಳಿ. ಆಫೀಸಿನಲ್ಲಿ ಬಾಸಿನ ಬಾಸನ್ನೂ ಹೆಸರಿಟ್ಟು ಕರೆಯುವ ನಾಲಿಗೆ ಇಲ್ಲಿ ಏಳುತ್ತಿರಲಿಲ್ಲ. ‘ಹಲೋ’, ‘ಎಕ್ಸ್‌ಕ್ಯೂಸ್ ಮಿ’ ಎಂದೇ ಕಾಲ ತಳ್ಳಿದ್ದೆ. ಈಗ ಕ್ಯಾಮೆರಾದ ಮುಂದೆ ಹೆಸರಿಟ್ಟು ಗದರಬೇಕು! ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿದೆ. ಕನ್ನಡಿಯ ಮುಂದೆಯೂ ಕೊನೆಗೆ ಒಂದು ‘ಜೀ’ ಸೇರಿಕೊಳ್ಳುತ್ತಿತ್ತು.

ಭಾನುವಾರಗಳಂದು ಚಿತ್ರೀಕರಣ. ಉಳಿದ ದೃಶ್ಯಗಳೆಲ್ಲ ಸಲೀಸಾಗಿ ಮುಗಿದವು. ಕೊನೆಯದು ಮಾತ್ರ ಮುಗಿಯಲೊಲ್ಲದು. ನನ್ನ ಮಾತಿನವರೆಗೆ ಬರಲು ತಾತ ಬಿಡುತ್ತಲೇ ಇರಲಿಲ್ಲ. ಒಂದು ವಾರ ಕಾರಿನ ಕೀ ಬದಲು ಗ್ಯಾರೇಜಿನ ಕೀ ಕೊಟ್ಟರು. ಇನ್ನೊಂದು ವಾರ ಕೀಯನ್ನು ಸೂಪಿನ ಬಟ್ಟಲಿಗೆ ಬೀಳಿಸಿ, ಚಮಚದಲ್ಲಿ ಹುಡುಕುತ್ತ ಕೂತರು. ಮತ್ತೊಮ್ಮೆ ಕೀ ಕೊಡಬೇಕಾದ ಹೊತ್ತಿಗೆ ಸರಿಯಾಗಿ ಕಿವಿ ಕೇಳಿಸದವರಂತೆ ನಟಿಸಿದರು, ಅದೂ ಅದ್ಭುತವಾಗಿ. ಡೆಬ್ರಾ ತಲೆ ಹಿಡಿದುಕೊಂಡು, “ಅಪ್ಪಾ, ಇದು ಬರೀ ಸಿನಿಮಾ” ಎಂದಳು. ತಾತ ತಣ್ಣಗೆ ಕೇಳಿದರು, “ಹಾಗಾದ್ರೆ ಕಟ್ ಅಂದ ಮೇಲೆ ನನ್ನ ಕೀ ವಾಪಸ್ ಕೊಡ್ತೀಯಾ?” ಆಲನ್ ಛಾವಣಿ ನೋಡಿದ. ಡೆಬ್ರಾ ಕ್ಯಾಮೆರಾ ಆರಿಸಿದಳು.

ಮುಂದಿನ ಭಾನುವಾರ ಮತ್ತೆ ಕೂತೆವು. ಕ್ಯಾಮೆರಾ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ತನ್ನ ಪಾಡಿಗೆ ಓಡುತ್ತಿತ್ತು. ಬೆಳಿಗ್ಗೆಯ ಕನ್ನಡ ತರಗತಿ ಮುಗಿಸಿಕೊಂಡು ಬಂದಿದ್ದ ಅನನ್ಯ ಸೋಫಾದ ಮೇಲೆ ಕೂತಿದ್ದಳು. ಆ ದಿನ ತಾತ ತಂಟೆ ಮಾಡಲಿಲ್ಲ. ಡೆಬ್ರಾ ಕೈ ಚಾಚಿ “ಅಪ್ಪಾ, ಕೀ” ಎಂದಾಗ ಜೇಬಿಗೆ ಕೈ ಹಾಕಿ ಸುಮ್ಮನೆ ಕೂತುಬಿಟ್ಟರು. ಮುಖದಲ್ಲಿ ನಟನೆ ಇರಲಿಲ್ಲ. ಹಿಮ ಬಿದ್ದ ದಿನದ ಮುಖ ಅದು. ಈಗ ನನ್ನ ಸರದಿ. ಹುಳಿಯ ಪಾತ್ರೆಯನ್ನು ಮೇಜಿನ ಮೇಲಿಟ್ಟೆ. ಬಾಯಿ ತೆರೆದೆ. ಹೆಸರು ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ.

“ಸಾಕು, ತಾತ” ಎಂದುಬಿಟ್ಟೆ.

ತಾತ ನನ್ನ ಕಡೆ ತಿರುಗಿದರು. “ತಾತ ಗೊತ್ತು. ಸಾಕು ಅಂದರೆ?”

ನಾನು ಬೆಬ್ಬೆಬ್ಬೆ ಎನ್ನುವಷ್ಟರಲ್ಲಿ ಸೋಫಾದಿಂದ ಉತ್ತರ ಬಂತು. “ಇಟ್ ಮೀನ್ಸ್ ಇನಫ್.” ಆಮೇಲೆ, ಅಂದಿನ ಪಾಠ ಇನ್ನೂ ಬಿಸಿಯಾಗಿದ್ದದ್ದರಿಂದ, “ಆಲ್ಸೋ ಪೆಟ್. ಲೈಕ್ ಎ ಡಾಗ್. ಆರ್ ಎ ಕೌ.”

‘ಸಾಕು ಪ್ರಾಣಿಗಳು’ ಅವತ್ತಿನ ಪಾಠ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಲನ್ ಚಿತ್ರೀಕರಣದ ಆ ಮೂರು ತಿಂಗಳಲ್ಲಿ ಮೊದಲ ಸಲ ನಕ್ಕ. “ನಿಮ್ಮಮ್ಮ ನನ್ನನ್ನ ಹಸು ಅಂದರಾ?” ಎಂದು ತಾತ ಅನನ್ಯಳನ್ನೇ ಕೇಳಿದರು. ನಾನು ಗಡಿಬಿಡಿಯಿಂದ ತಿದ್ದಿದೆ. ಪೆಟ್ ಅಲ್ಲ, ಸಾಕುವುದು ಎಂದರೆ ಬೆಳೆಸುವುದು, ನೋಡಿಕೊಳ್ಳುವುದು. ಹಸುವನ್ನೂ ಸಾಕುತ್ತಾರೆ, ಮಕ್ಕಳನ್ನೂ ಸಾಕುತ್ತಾರೆ, ವಯಸ್ಸಾದ ಅಪ್ಪ ಅಮ್ಮನನ್ನೂ ಸಾಕುತ್ತಾರೆ.

“ಇನಫ್ ಅನ್ನೋದಕ್ಕೂ ಅದಕ್ಕೂ ಒಂದೇ ಶಬ್ದವಾ?”

“ಒಂದೇ.”

ತಾತ ಹುಳಿಯ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಮಗಳ ಕಡೆ ತಿರುಗಿದರು. “ಹಾಗಾದ್ರೆ ಹೇಳು. ವರ್ಷದಿಂದ ನೀವಿಬ್ಬರೂ ನನಗೆ ಹೇಳ್ತಿರೋದು ಯಾವ ಸಾಕು? ಅಪ್ಪನ ಆಟ ಇಷ್ಟಕ್ಕೆ ಸಾಕು ಅಂತಲೋ, ಅಪ್ಪನ್ನ ಸಾಕ್ತೀವಿ ಅಂತಲೋ?”

ಇದು ಕತೆಯಲ್ಲಿರಲಿಲ್ಲ. ಡೆಬ್ರಾ ಕ್ಯಾಮೆರಾ ಮರೆತಳು. “ನನಗೆ ಭಯ ಆಗುತ್ತೆ ಅಪ್ಪಾ. ಶುಕ್ರವಾರ ನೀನು ಮನೆಗೆ ಬಂದೆ ಅಂತ ಫೋನ್ ಮಾಡೋವರೆಗೂ ನನಗೆ ಊಟ ಸೇರಲ್ಲ.”

“ನನಗೂ ಅಷ್ಟೇ” ಎಂದ ಆಲನ್. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಬ್ಬರೂ ಹಾಗೆ ಕಾಯುತ್ತಾರೆಂದು ಇಬ್ಬರಿಗೂ ತಿಳಿದಿರಲಿಲ್ಲ.

“ನಾನು ಹಸು ಅಲ್ಲ” ಎಂದರು ತಾತ. “ಒಂದು ಕಡೆ ಕಟ್ಟಿ ಹುಲ್ಲು ಹಾಕಿದರೆ ಆಗಲ್ಲ. ಶುಕ್ರವಾರ ಬ್ರೆಡ್ಡಿಗೆ ನಾನು ಹೋಗಲೇಬೇಕು. ನೀವು ಓಡಿಸಿ. ನಾನು ಪಕ್ಕದಲ್ಲಿ ಕೂತು ತಪ್ಪು ಹೇಳ್ತೀನಿ.” ಜೇಬಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟು, ತಟ್ಟೆಯನ್ನು ನನ್ನ ಕಡೆ ಸರಿಸಿದರು. ನಾನು ಅನ್ನ ಬಡಿಸಿ ಹುಳಿ ಹಾಕಿದೆ.

ಡೆಬ್ರಾ ತಾನು ಬರೆದಿದ್ದ ಕೊನೆಯನ್ನು ಬಿಟ್ಟು ಇದನ್ನೇ ಉಳಿಸಿಕೊಂಡಳು. ಚಿತ್ರವನ್ನು ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನ ಒಂದು ಚಿಕ್ಕ ಹಾಲಿನಲ್ಲಿ ತೋರಿಸಿದರು. ನಾನು ರೇಷ್ಮೆ ಸೀರೆ ಉಟ್ಟು ಹೋಗಿದ್ದೆ, ಯಾರೂ ನನ್ನ ಆಟೋಗ್ರಾಫ್ ಕೇಳಲಿಲ್ಲ. ಹಸುವಿನ ಮಾತಿಗೆ ಜನ ಬಿದ್ದು ಬಿದ್ದು ನಕ್ಕರು. ಪಕ್ಕದಲ್ಲಿದ್ದ ತಾತ ನನ್ನ ಕಿವಿಯಲ್ಲಿ, “ಕೊನೆಗೂ ಒಳ್ಳೆ ಜೋಕು ನನಗೇ ಸಿಕ್ತು” ಎಂದು ಹೇಳಿ ಕರವಸ್ತ್ರ ಹುಡುಕಿದರು.

ಆಮೇಲಿನ ಶುಕ್ರವಾರಗಳಲ್ಲಿ ಮಕ್ಕಳು ಸರದಿ ಹಾಕಿಕೊಂಡರು. ಒಮ್ಮೆ ಡೆಬ್ರಾಗೆ ಜ್ವರ, ಆಲನ್‌ಗೆ ಆಸ್ಪತ್ರೆ ಬಿಡಲಾಗದ ಕೆಲಸ. ಆಫೀಸಿನಿಂದ ಬೇಗ ಬಂದು ನಾನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ “ಸಿಗ್ನಲ್ ಹಾಕು”, “ಅವನಿಗೆ ದಾರಿ ಬಿಡು”, “ಈ ಚಪ್ಪಲಿ ಹಾಕಿಕೊಂಡು ಬ್ರೇಕ್ ಒತ್ತುತ್ತೀಯಾ?” ಎಂದು ಪ್ರಾಣ ತಿಂದರು. ವಾಪಸು ಬರುವಾಗ, ಬ್ರೆಡ್ಡಿನ ಬಿಸಿ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ನನ್ನ ಕೈಯಲ್ಲಿದ್ದ ಸ್ಟೀರಿಂಗನ್ನೇ ನೋಡುತ್ತ ಕೂತರು. ಕಾರು ಬಿಟ್ಟದ್ದಕ್ಕೆ ಬೇಜಾರಾಗುತ್ತದೆಯೇ ಎಂದು ಕೇಳಿದೆ.

“ಆಗುತ್ತೆ” ಎಂದರು. “ಆದ್ರೆ ನೋಡು, ಅವರು ಚಿಕ್ಕವರಿದ್ದಾಗ ಹಿಂದಿನ ಸೀಟಿನಲ್ಲಿ ಇರ್ತಿದ್ರು. ನಾನು ರಸ್ತೆ ನೋಡ್ತಿದ್ದೆ. ಆಮೇಲೆ ಅವರು ಕಾರಿನಲ್ಲೇ ಇರಲಿಲ್ಲ. ಈಗ ಹೋಗೋವಾಗ ಬರೋವಾಗ ಪೂರ್ತಿ ಹೊತ್ತು ಅವರ ಮುಖ ನೋಡಬಹುದು. ಅವರಿಗೆ ಗೊತ್ತೇ ಆಗಲ್ಲ. ರಸ್ತೆ ನೋಡ್ತಿರ್ತಾರೆ.”

ಆಗ ನಾನು ಹೂಂ ಎಂದು ಲೇನ್ ಬದಲಿಸಿದ್ದೆ. ಅನನ್ಯ ಆಗ ಹಿಂದಿನ ಸೀಟಿನ ವಯಸ್ಸಿನವಳು.

ಮೊನ್ನೆ ಡಬ್ಬಿಯನ್ನು ನಿಲ್ಲಿಸಿ, ಕೈ ತೊಳೆದು ಬಂದೆ. ಅನನ್ಯ ಟೋಟೆಮ್ ಲೇಕ್‌ಗೆ ಹೊರಟಿದ್ದಳು, ಬರುತ್ತೀಯಾ ಎಂದು ಕೇಳಿದಳು. ಅವಳು ಓಡಿಸುವ ಕಾರಿನಲ್ಲಿ ನಾನು ಕೂತರೆ ಇಬ್ಬರಿಗೂ ಶಿಕ್ಷೆ. ನಾನು ಡ್ಯಾಶ್‌ಬೋರ್ಡು ಹಿಡಿದು, ಇಲ್ಲದ ಬ್ರೇಕನ್ನು ಕಾಲಿನಲ್ಲಿ ಒತ್ತುತ್ತ, ಮುಂದಿನ ಗಾಡಿಯ ಮೇಲೆ ನೆಟ್ಟ ಕಣ್ಣು ಕೀಳುವುದೇ ಇಲ್ಲ. ಅವತ್ತು ಮಾತ್ರ ಕಾರು ಹತ್ತಿ, ಬೆಲ್ಟ್ ಹಾಕಿ, ಅವಳ ಕಡೆ ತಿರುಗಿ ಕೂತೆ. ಲೇನ್ ಬದಲಿಸುವಾಗ ಕೆಳತುಟಿ ಕಚ್ಚುತ್ತಾಳೆ. ಹುಬ್ಬಿನ ಹತ್ತಿರ ಸಣ್ಣ ಗಾಯದ ಕಲೆ ಇದೆ, ಅದು ಯಾವಾಗ ಆದದ್ದೋ ನನಗೆ ಗೊತ್ತೇ ಇಲ್ಲ. ಯಾವಾಗ ಇಷ್ಟು ದೊಡ್ಡವಳಾದಳೋ.

ತುಸು ದೂರ ಹೋದ ಮೇಲೆ ಅವಳಿಗೆ ಮುಜುಗರವಾಯಿತು. “ಅಮ್ಮ, ವೈ ಆರ್ ಯು ಸ್ಟೇರಿಂಗ್ ಅಟ್ ಮಿ? ವಾಚ್ ದ ರೋಡ್!”

“ರಸ್ತೆ ನೋಡೋದು ಇನ್ನು ನಿನ್ನ ಕೆಲಸ ಕಣೇ” ಎಂದೆ.