ಎಲ್ಲಿಗೆ ಎಂದು ಕೇಳದ ಮನೆ

ಹೊರಗೆ ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಬಾರದು. ನಾನು ಮದುವೆಯಾಗಿ ಬಂದ ಮನೆಯ ಕಟ್ಟಳೆ ಇದು. ಗಂಡನ ಕಡೆಯವರು ಹಿಂದಿನಿಂದಲೂ ಕಡಲಿಗೆ ಹೋದವರು. ದೋಣಿಗೆ ಹೊರಟವನನ್ನು ಯಾರಾದರೂ ಹಾಗೆ ಕೇಳಿಬಿಟ್ಟರೆ ಅವನು ವಾಪಸ್ಸು ಬಂದು, ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕಂತೆ. ಈಗ ನಮ್ಮಲ್ಲಿ ದೋಣಿಗೆ ಹೋಗುವವರು ಯಾರೂ ಇಲ್ಲ. ಗಂಡನಿಗೆ ಪಣಂಬೂರಿನ ಬಂದರಿನಲ್ಲಿ ಕೆಲಸ, ನಾವಿರುವುದು ಶಕ್ತಿನಗರದ ಒಂದು ಫ್ಲಾಟಿನಲ್ಲಿ. ಆದರೂ ಕಟ್ಟಳೆ ಕಟ್ಟಳೆಯೇ. ನನ್ನ ತವರಿನವರೋ ಗದ್ದೆ ಬೇಸಾಯದವರು, ಬಚ್ಚಲಿಗೆ ಎದ್ದವರನ್ನೂ ಎಲ್ಲಿಗೆ ಎಂದು ವಿಚಾರಿಸುವ ಜನ. ಮದುವೆಯಾದ ಹೊಸತರಲ್ಲಿ ನಾನು ಬಾಯಿತಪ್ಪಿ ಕೇಳಿದ್ದಕ್ಕೆ ಅತ್ತೆ ಇಡೀ ದಿನ ನನ್ನ ಹತ್ತಿರ ಮಾತು ಬಿಟ್ಟಿದ್ದರು. ನಾನು ನೋಡದ ನನ್ನ ಮಾವ ಕಡಲಿಗೆ ಹೋಗಿ ಮರಳಿ ಬಾರದವರು. ಆ ದಿನ ಯಾರೋ ಕೇಳಿರಬೇಕು ಎಂದು ನಾನೇ ಅಂದುಕೊಂಡೆ. ಅಂದಿನಿಂದ ನಾಲಿಗೆ ಕಚ್ಚಿಕೊಂಡೇ ಸಂಸಾರ ಮಾಡಿದ್ದೇನೆ.

ಇವರಿಗೆ ಹೃದಯಾಘಾತವಾದದ್ದು ಕಳೆದ ಮಳೆಗಾಲದಲ್ಲಿ. ಕಂಕನಾಡಿಯ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು, ಜೀವ ಉಳಿಯಿತು. ಎದೆ ಹಿಡಿದ ಹಾಗಾದರೆ ತಕ್ಷಣ ನಾಲಿಗೆಯ ಅಡಿಗೆ ಇಡಬೇಕೆಂದು ಪುಟ್ಟ ಮಾತ್ರೆಗಳನ್ನು ಕೊಟ್ಟರು. ಅವುಗಳ ಡಬ್ಬಿ ಸದಾ ಇವರ ಅಂಗಿಯ ಕಿಸೆಯಲ್ಲಿರಬೇಕು. ಬಂದರಿನ ಗೆಳೆಯರ ಜೊತೆ ವರ್ಷಕ್ಕೊಮ್ಮೆ ಟೆಂಟು ಹೊತ್ತುಕೊಂಡು ಹೋಗುತ್ತಿದ್ದ ಮನುಷ್ಯ ಆಮೇಲೆ ಬಾಲ್ಕನಿಯ ಕುರ್ಚಿ ಬಿಟ್ಟು ಏಳಲಿಲ್ಲ. ಕೆಲಸಕ್ಕೆ ಹೋಗಿ ಬರುವುದು, ಕುರ್ಚಿಯಲ್ಲಿ ಕೂರುವುದು, ಅಷ್ಟೇ. ಈ ಬೇಸಿಗೆಯಲ್ಲಿ ಒಂದು ದಿನ ಇದ್ದಕ್ಕಿದ್ದ ಹಾಗೆ, “ಮಳೆ ಹಿಡಿಯುವ ಮೊದಲು ಒಂದು ರಾತ್ರಿ ಟೆಂಟಿನಲ್ಲಿ ಮಲಗಬೇಕು ಮಾರಾಯ್ತಿ, ನೀನು, ನಾನು, ಮಗಳು, ಮೂವರೇ,” ಎಂದರು. ಡಾಕ್ಟರು ಅಡ್ಡಿಯಿಲ್ಲ ಎಂದರು. ಅಡ್ಡಿ ಇದ್ದದ್ದು ನನಗೆ.

ಜಾಗ ಆರಿಸುವುದರಲ್ಲೇ ಮನೆ ಮೂರು ಪಾಲಾಯಿತು. ಕಾಲೇಜಿಗೆ ಹೋಗುವ ಮಗಳಿಗೆ ನದಿಯ ನಡುವಿನ ಕುದ್ರು ಬೇಕು. ದೋಣಿಯಲ್ಲಿ ದಾಟಿ ಹೋಗುವ ದ್ವೀಪ ಅದು. ಇವರಿಗೆ ಸುರತ್ಕಲ್ ದಾಟಿದ ಮೇಲೆ ಸಿಗುವ ಕಡಲ ದಂಡೆಯೇ ಆಗಬೇಕು. ಅಲ್ಲಿ ಗಾಳಿಮರಗಳ ಕೆಳಗೆ ಟೆಂಟು ಹಾಕಲು ಬಿಡುತ್ತಾರೆ. ನಾನು ಹುಡುಕಿದ್ದು ವಾಮಂಜೂರಿನ ಆಚೆ, ಒಂದು ಹೋಂಸ್ಟೇಯ ಹಿಂದೆ ಕೆಂಪುಕಲ್ಲು ತೆಗೆದು ಸಪಾಟು ಮಾಡಿದ ತಗ್ಗಿನ ಜಾಗ. ದೀಪ ಉಂಟು, ಬಾತ್‌ರೂಮು ಉಂಟು, ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿಂದ ಕಂಕನಾಡಿಗೆ ಸೇತುವೆ, ದೋಣಿ, ರೈಲು ಗೇಟು ಯಾವುದೂ ಇಲ್ಲದ ನೇರ ದಾರಿ. ಮೊಬೈಲಿನಲ್ಲಿ ಅದರ ಚಿತ್ರ ನೋಡಿ ಇವರು ನಕ್ಕರು.

“ಇದು ಕ್ಯಾಂಪಾ, ಮದುವೆ ಹಾಲಿನ ಪಾರ್ಕಿಂಗಾ?”

ನನಗೆ ಸಿಟ್ಟು ನೆತ್ತಿಗೇರಿತು. “ಆಂಬುಲೆನ್ಸಿನಲ್ಲಿ ನಿಮ್ಮ ಕೈ ಹಿಡಿದುಕೊಂಡು ಕೂತದ್ದು ನಾನು, ಕಡಲಲ್ಲ,” ಎಂದುಬಿಟ್ಟೆ. ಇವರು ಮೊಬೈಲು ಕೆಳಗಿಟ್ಟು ಬಾಲ್ಕನಿಗೆ ಹೋದರು. ಎರಡು ದಿನ ನಾವು ಊಟಕ್ಕೆ ಕರೆಯುವಷ್ಟೇ ಮಾತಾಡಿದೆವು.

ಮೂರನೆಯ ದಿನ ಭಾನುವಾರ. ಬೆಳಗ್ಗೆ ನಾನು ದೋಸೆ ಹೊಯ್ಯುತ್ತಿದ್ದಾಗ ಬಾಗಿಲ ಬಳಿಯಿಂದ “ಬರ್ತೇನೆ” ಎಂಬ ದನಿ ಕೇಳಿತು. ಕೇಳಬೇಕೆಂದು ಬಾಯಿ ತೆರೆದವಳು ಅಲ್ಲೇ ಕೂತಿದ್ದ ಅತ್ತೆಯ ಮುಖ ನೋಡಿ ಸುಮ್ಮನಾದೆ. ಕೆಳಗೆ ಸ್ಕೂಟರ್ ಹೊರಟ ಸದ್ದಾಯಿತು. ಪೇಟೆಗೆ ಹೋಗಿರಬೇಕು ಎಂದುಕೊಂಡೆ. ತಿಂಡಿ ಮುಗಿಸಿ ಬಟ್ಟೆ ಮೆಷಿನಿಗೆ ಹಾಕುವಾಗ ಇವರು ಬದಲಿಸಿಟ್ಟ ಅಂಗಿಯ ಕಿಸೆಯಲ್ಲಿ ಗಟ್ಟಿಯಾಗಿ ಏನೋ ಕೈಗೆ ತಾಗಿತು. ಮಾತ್ರೆಯ ಡಬ್ಬಿ.

ಫೋನು ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಆ ಹೆಂಗಸು ನಯವಾಗಿ ಹೇಳಿದಳು. ಮತ್ತೆ ಮಾಡಿದೆ, ಮತ್ತೆ ಅದೇ. ಅಷ್ಟರಲ್ಲಿ ಮಗಳು ಕಪಾಟಿನ ಮೇಲೆ ನೋಡಿ, “ಅಮ್ಮ, ಅಳತೆಯ ಟೇಪು ಇಲ್ಲ. ಪಪ್ಪ ಜಾಗ ನೋಡ್ಲಿಕ್ಕೇ ಹೋದದ್ದು,” ಎಂದಳು. ಟೆಂಟು ಹಾಕುವ ಮೊದಲು ನೆಲ ಅಳೆದು ಬರುವುದು ಇವರ ಹಳೆಯ ಅಭ್ಯಾಸ. ಜಾಗ ನೋಡಲಿಕ್ಕೆ ಸರಿ, ಯಾವ ಜಾಗ? ಮನೆಯಲ್ಲಿ ಮೂರು ಜನ ಹೆಂಗಸರಿದ್ದೆವು, ಒಬ್ಬರಿಗಾದರೂ ಗೊತ್ತಿರಲಿಲ್ಲ.

“ಕಡಲಿನ ಹತ್ತಿರವೇ ಹೋಗಿರ್ತಾರೆ, ಹಠ ಅಲ್ವಾ,” ಎಂದು ಕಾರಿನ ಕೀ ತೆಗೆದೆ. ಮಗಳಿಗೆ ಮನೆಯಲ್ಲೇ ಇದ್ದು ಫೋನು ಮಾಡುತ್ತಿರಲು ಹೇಳಿದೆ. ಕಾರಿನ ಬಾಗಿಲು ಹಾಕುವಷ್ಟರಲ್ಲಿ ಅತ್ತೆ ಬಂದು ಪಕ್ಕದಲ್ಲಿ ಕೂತರು. ತಲೆಯನ್ನೂ ಬಾಚಿರಲಿಲ್ಲ.

ಕೂಳೂರಿನ ಸೇತುವೆಯ ಹತ್ತಿರ ಲಾರಿಗಳು ಒಂದರ ಹಿಂದೆ ಒಂದು ನಿಂತುಬಿಟ್ಟಿದ್ದವು. ನಾನು ಹಾರ್ನ್ ಒತ್ತಿದೆ, ಬೈದೆ, ಮತ್ತೆ ಒತ್ತಿದೆ. ರಸ್ತೆಯ ಬದಿಯಲ್ಲಿ ಎಲ್ಲಾದರೂ ಸ್ಕೂಟರ್ ಬಿದ್ದಿದೆಯೇ, ಜನ ಗುಂಪುಗೂಡಿದ್ದಾರೆಯೇ ಎಂದು ಕಣ್ಣು ಹುಡುಕುತ್ತಿತ್ತು. ಮೀನಿನ ಲಾರಿಯ ನೀರು ಸೋರಿ ರಸ್ತೆಯಲ್ಲಿ ಹರಿಯುತ್ತಿತ್ತು. ಅತ್ತೆ ಆ ಡಬ್ಬಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡು ಕೂತಿದ್ದರು. ನನಗೆ ಅವರ ಮೇಲೂ ಕೋಪ ಬಂತು. ಒಂದು ಮಾತು ಕೇಳಿದ್ದರೆ ಈ ಅವಸ್ಥೆ ಇರುತ್ತಿರಲಿಲ್ಲವಲ್ಲ ಎಂದು ಹೇಳಲು ಹೊರಟು, ಆ ಮುಷ್ಟಿಯನ್ನು ಕಂಡು ನುಂಗಿಕೊಂಡೆ.

ಗಾಳಿಮರದ ಜಾಗದಲ್ಲಿ ಸ್ಕೂಟರ್ ಇರಲಿಲ್ಲ. ಬಲೆ ಸರಿಮಾಡುತ್ತಿದ್ದ ಇಬ್ಬರನ್ನು ವಿಚಾರಿಸಿದೆ. ಬೆಳಗ್ಗಿನಿಂದ ಯಾರೂ ಬಂದಿಲ್ಲ ಎಂದರು. ಮರಳಿನಲ್ಲಿ ನಿಂತು ಇವರಿಗೆ, ಮಗಳಿಗೆ ಮತ್ತೆ ಮತ್ತೆ ಫೋನು ಮಾಡಿದೆ. ಮಗಳು ಅಷ್ಟರಲ್ಲಿ ಕುದ್ರುವಿನ ದೋಣಿಯವರಿಗೆ ಫೋನು ಮಾಡಿ ವಿಚಾರಿಸಿದ್ದಳು, ಅಲ್ಲಿಗೂ ಇವರು ಹೋಗಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

“ಎಲ್ಲಿ ಅಂತ ಹುಡುಕುವುದು ಮಾಮಿ?” ಎಂದೆ. ಅತ್ತೆಯನ್ನು ನಾನು ತುಳುವಿನವರ ಹಾಗೆ ಮಾಮಿ ಎಂದೇ ಕರೆಯುವುದು.

ಅವರು ಕಡಲಿಗೆ ಬೆನ್ನು ಹಾಕಿ ನಿಂತಿದ್ದರು. “ನೀನು ಹೇಳಿದ ಜಾಗಕ್ಕೆ ಹೋಗುವ,” ಎಂದರು.

“ಅದನ್ನು ನೋಡಿ ನಗಾಡಿದವರು ಅಲ್ಲಿಗೆ ಹೋಗ್ತಾರಾ?”

“ನಗಾಡುವುದು ನಿನ್ನ ಎದುರು. ಅವನಿಗೂ ಹೆದರಿಕೆ ಉಂಟು ಮಗಾ.”

ನಾನು ಕಾರು ತಿರುಗಿಸಿದೆ. ಕೂಳೂರಿನಿಂದ ಕಾವೂರು, ಬೋಂದೆಲ್, ಆಮೇಲೆ ಪಚ್ಚನಾಡಿಯ ಒಳದಾರಿ. ಹೆದರಿಕೆ ನನಗೆ ಮಾತ್ರ ಎಂದು ಇಷ್ಟು ತಿಂಗಳು ನಂಬಿದ್ದೆನಲ್ಲ, ಅದೇ ತಲೆಯಲ್ಲಿ ಕೊರೆಯುತ್ತಿತ್ತು. ರಾತ್ರಿ ಇವರ ಉಸಿರು ಕೇಳುತ್ತಾ ಎಚ್ಚರವಿರುವವಳು ನಾನು. ಇವರೂ ಆ ಕತ್ತಲಲ್ಲಿ ಎಚ್ಚರವಾಗಿಯೇ ಇದ್ದರೋ ಏನೋ, ನಾನು ಒಂದು ದಿನವೂ ಕೇಳಿರಲಿಲ್ಲ.

ಹೋಂಸ್ಟೇಯ ಹಿಂದಿನ ಇಳಿಜಾರಿನ ಕೊನೆಯಲ್ಲಿ ಮೊದಲು ಕಂಡದ್ದು ಸ್ಕೂಟರ್, ಆಮೇಲೆ ಒಂದು ಕೆಂಪುಕಲ್ಲಿನ ಮೇಲೆ ಕೂತ ಇವರು. ಟೇಪು ಕಾಲಿನ ಬಳಿ ಬಿದ್ದಿತ್ತು. ಅಂಗಿ ಬೆವರಿನಿಂದ ಮೈಗೆ ಅಂಟಿಕೊಂಡಿತ್ತು. ನಾನು ಓಡಿದೆ. ಚಪ್ಪಲಿ ಎಲ್ಲಿ ಕಳಚಿತೋ ಗೊತ್ತಿಲ್ಲ.

“ನೋವು ಉಂಟಾ? ಎಂತ ಆಗ್ತದೆ?”

“ಎಂತದೂ ಇಲ್ಲ,” ಎಂದರು ಮೆಲ್ಲಗೆ. “ಬಗ್ಗಿ ಅಳೆಯುವಾಗ ಕಿಸೆ ಮುಟ್ಟಿ ನೋಡಿದೆ, ಡಬ್ಬಿ ಇಲ್ಲ. ಫೋನು ಮಾಡುವ ಅಂದ್ರೆ ಇಲ್ಲಿ ರೇಂಜೇ ಇಲ್ಲ. ಹೋಂಸ್ಟೇಗೆ ಬೀಗ. ಸ್ಕೂಟರಿನಲ್ಲಿ ಏರು ಹತ್ತುವಾಗ ನಡುವಿನಲ್ಲಿ ಏನಾದರೂ ಆದ್ರೆ ಅಂತ ಧೈರ್ಯ ಬರಲಿಲ್ಲ. ಅಲ್ಲಾಡದೆ ಕೂತೆ.”

ಅತ್ತೆ ಬಂದು ಮುಷ್ಟಿ ಬಿಚ್ಚಿ ಡಬ್ಬಿಯನ್ನು ಮಗನ ಕಿಸೆಗೆ ತಾವೇ ಹಾಕಿ, ಮೇಲಿನಿಂದ ಒಮ್ಮೆ ತಟ್ಟಿದರು. ನನಗೆ ಇವರನ್ನು ತಬ್ಬಿಕೊಳ್ಳಬೇಕೋ ಎರಡು ಬಾರಿಸಬೇಕೋ ತಿಳಿಯಲಿಲ್ಲ. “ಪಾರ್ಕಿಂಗ್ ಅಂತ ನಗಾಡಿದ ಜಾಗಕ್ಕೆ ಯಾಕೆ ಬಂದದ್ದು?” ಎಂದು ಅಳುತ್ತಲೇ ಜಗಳಕ್ಕೆ ನಿಂತೆ.

“ಆಂಬುಲೆನ್ಸಿನ ಮಾತು ಹೇಳಿದೆಯಲ್ಲ. ಅದು ಮನಸ್ಸಿನಿಂದ ಹೋಗಲೇ ಇಲ್ಲ. ನೀನು ಒಂದು ರಾತ್ರಿಯಾದರೂ ಸರಿ ನಿದ್ದೆ ಮಾಡುವ ಜಾಗವೇ ಆಗಲಿ ಅಂತ,” ಎಂದರು. ಟೇಪು ಎತ್ತಿಕೊಂಡು, “ಆದ್ರೆ ರೇಂಜ್ ಇಲ್ಲದ ಜಾಗ ಇದು. ನಿನ್ನ ಜಾಗ ಫೇಲ್,” ಎಂದರು. ಆಸ್ಪತ್ರೆಯ ದಾರಿ ನೋಡಿದ್ದ ನಾನು ಫೋನು ನಡೆಯುತ್ತದೋ ಎಂದು ನೋಡಿರಲೇ ಇಲ್ಲ.

ಸ್ಕೂಟರನ್ನು ಅಲ್ಲೇ ಬಿಟ್ಟು ಇವರನ್ನು ಕಾರಿನಲ್ಲಿ ಕೂರಿಸಿಕೊಂಡು ಬಂದೆ. ಮನೆ ಮುಟ್ಟಿದ ಮೇಲೆ ಗಾಳಿಮರದ ಜಾಗವೇ ಆಗಬಹುದು ಎಂದು ನಾನೇ ಹೇಳಿದೆ. ಆ ಮರಳಿನಲ್ಲಿ ನಿಂತು ಮಗಳ ಹತ್ತಿರ ಅಷ್ಟು ಸಲ ಮಾತಾಡಿದಾಗ ಒಂದು ಕರೆಯೂ ಕಡಿದುಹೋಗಿರಲಿಲ್ಲ, ಅಲ್ಲಿ ರೇಂಜ್ ಉಂಟು. ಸುರತ್ಕಲಿನಲ್ಲೂ ಆಸ್ಪತ್ರೆ ಉಂಟು. ಅಲ್ಲಿಗೆ ಸೇತುವೆ ದಾಟಬೇಕಾಗಿಲ್ಲ. ಇವರು ನನ್ನ ಮುಖವನ್ನೇ ನೋಡಿದರು. ನಾನು ಅಡುಗೆಮನೆಗೆ ಹೋದೆ.

ಹೊರಟದ್ದು ಮುಂದಿನ ಶನಿವಾರ ಮಧ್ಯಾಹ್ನ. ಟೆಂಟು, ಚಾಪೆ, ಟಾರ್ಚು, ಗಂಜಿಗೆ ಕುಚ್ಚಲಕ್ಕಿ ಎಲ್ಲ ಕಾರಿಗೇರಿತ್ತು. ಡಬ್ಬಿ ಇವರ ಕಿಸೆಯಲ್ಲೊಂದು, ನನ್ನ ಚೀಲದಲ್ಲೊಂದು. ಆ ದಿನದ ಅವಸರ ಬಿಟ್ಟರೆ ಅತ್ತೆ ಕಡಲ ದಂಡೆಗೆ ಬರುವವರಲ್ಲ. ಅವರು ನನ್ನ ನಾದಿನಿಯನ್ನು ಜೊತೆಗೆ ಕರೆಸಿಕೊಂಡು ಮನೆಯಲ್ಲೇ ಉಳಿದಿದ್ದರು. ಇವರು ಚಪ್ಪಲಿ ಮೆಟ್ಟಿ ಯಾವತ್ತಿನ ಹಾಗೆ “ಬರ್ತೇನೆ ಅಮ್ಮ” ಎಂದು ಹೊಸ್ತಿಲು ದಾಟಿದರು.

“ಎಲ್ಲಿಗೆ?” ಎಂದರು ಅತ್ತೆ.

ನಾವು ಮೂವರೂ ನಿಂತುಬಿಟ್ಟೆವು. ಇವರು ರೂಢಿಯ ಹಾಗೆ ಚಪ್ಪಲಿ ಕಳಚಿ ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಮಗಳು ನೀರು ತರಲು ಹೊರಟಳು.

“ನೀರು ಬೇಡ,” ಎಂದು ಅತ್ತೆ ಅವಳನ್ನು ತಡೆದು ಮಗನ ಕಡೆ ತಿರುಗಿದರು. “ನಿನ್ನ ಅಪ್ಪ ಹೋದ ದಿನ ಯಾರೂ ಕೇಳಿರಲಿಲ್ಲ ಮಗಾ. ನಾನೂ ಕೇಳಲಿಲ್ಲ. ಕೇಳದಿದ್ದರೂ ಅವರು ಬರಲಿಲ್ಲ. ದೋಣಿಯವರು ಬಂದು, ಹುಡುಕಲಿಕ್ಕೆ ಯಾವ ದಿಕ್ಕಿಗೆ ಹೋಗುವುದು ಅಂತ ನನ್ನನ್ನು ಕೇಳಿದರು. ನನಗೆ ಹೇಳಲಿಕ್ಕೆ ಗೊತ್ತಿರಲಿಲ್ಲ.”

ಅವರು ಸೆರಗು ಸರಿಮಾಡಿಕೊಂಡು ಮತ್ತೊಮ್ಮೆ ಕೇಳಿದರು.

“ಹೇಳು. ಎಲ್ಲಿಗೆ?”

ಇವರು ಹೇಳಿದರು. ಸುರತ್ಕಲ್ ದಾಟಿ ಎಡಕ್ಕೆ ತಿರುಗುವ ದಾರಿ, ಐಸ್ ಪ್ಲಾಂಟಿನ ಗೋಡೆ, ಬಲೆ ಒಣಗಿಸುವ ಜಾಗ, ಅಲ್ಲಿಂದ ಮುಂದೆ ಗಾಳಿಮರಗಳ ಕೊನೆಯ ಸಾಲು. ಅತ್ತೆ ಒಂದೊಂದಕ್ಕೂ ತಲೆಯಾಡಿಸುತ್ತಾ ಕೇಳಿಸಿಕೊಂಡು, ಬಾಗಿಲ ತನಕ ಬಂದು, “ಆಯ್ತು, ಹೋಗಿ ಬನ್ನಿ,” ಎಂದರು.