ಗಾಜಿನ ಹಂಚಿನ ಕೆಳಗಿನ ಕೊತ್ತಂಬರಿ

ಗುರುಶಾಂತಮ್ಮನ ಕೈಗುಣ ಸರಿಯಿಲ್ಲ ಎಂಬ ಮಾತು ಯಸಳೂರಿನ ಹತ್ತಿರದ ನಮ್ಮ ಎಸ್ಟೇಟಿನಲ್ಲಿ ಹಬ್ಬಿದ್ದು ಒಂದು ಹಿಡಿ ಕೊತ್ತಂಬರಿ ಬೀಜದಿಂದ. ನಮಗೂ ಅವರಿಗೂ ನಡುವೆ ಒಂದೇ ಗೋಡೆ. ಯಾರದೋ ಬಾಯಿಂದ ಕೇಳಿದ್ದನ್ನು ನಾನು ಹೇಳುತ್ತಿಲ್ಲ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಅವರ ತವರು ಆಲೂರಿನ ಕಡೆ. ಅಲ್ಲಿ ಬಿತ್ತನೆಯ ಮೊದಲ ಹಿಡಿ ಕಾಳು ಹಾಕಲು ಇವರನ್ನೇ ಕರೆಯುತ್ತಿದ್ದರಂತೆ. ನಮ್ಮ ಎಸ್ಟೇಟಿನಲ್ಲೂ ಡಿಸೆಂಬರಿನಲ್ಲಿ ನರ್ಸರಿಯ ಮಡಿಗೆ ಕಾಫಿ ಬೀಜ ಊರುವಾಗ ಮೊದಲ ಬೀಜವನ್ನು ಕೈಗುಣವಿರುವ ಹೆಂಗಸಿನಿಂದ ಹಾಕಿಸುವ ಪದ್ಧತಿ. ಅವಳನ್ನು ಆರಿಸುವವರು ನರ್ಸರಿ ಮೇಸ್ತ್ರಿ ನಂಜುಂಡಯ್ಯ, ಅಂದರೆ ಗುರುಶಾಂತಮ್ಮನ ಗಂಡನೇ. ಮದುವೆಯಾಗಿ ಬಂದಾಗಿನಿಂದ ಆಕೆ ಆ ಒಂದು ಕರೆಗೆ ಕಾಯುತ್ತಿದ್ದರು. ಕರೆ ಹೋಗುತ್ತಿದ್ದದ್ದು ಕೂಲಿಯವರ ಲೈನ್ ಮನೆಯ ಚೆಲುವಮ್ಮನಿಗೆ.

ತೊಂಬತ್ತೆಂಟರ ಮಳೆಗಾಲದಲ್ಲಿ, ಕೊತ್ತಂಬರಿ ಬೆಳೆದು ಕೈಗುಣ ತೋರಿಸಿಯೇ ಸಿದ್ಧ ಎಂದು ಆಕೆ ಹಟ ಹಿಡಿದರು. ಬೇಸಿಗೆಯಲ್ಲಿ ಯಾರು ಹಾಕಿದರೂ ಸೊಪ್ಪು ಬರುತ್ತದೆ, ಅದು ಲೆಕ್ಕಕ್ಕಿಲ್ಲ. ಮಳೆಯಲ್ಲಿ ಹೊರಗೆ ಹಾಕಿದ್ದು ಕೊಳೆಯುತ್ತದೆ, ಸಕಲೇಶಪುರದಿಂದ ಬಸ್ಸಿನಲ್ಲಿ ಬರುವ ಕಟ್ಟು ಮನೆ ಸೇರುವಷ್ಟರಲ್ಲಿ ಕಪ್ಪಾಗಿರುತ್ತದೆ. ಅದಕ್ಕೇ ಬಿಸ್ಕತ್ತಿನ ಡಬ್ಬಗಳಿಗೆ ತೂತು ಕೊಟ್ಟು, ಮಣ್ಣು ಗೊಬ್ಬರ ತುಂಬಿ, ಬೀಜ ಹೋಳು ಮಾಡಿ ಬಿತ್ತಿ, ಅಡುಗೆಮನೆಯೊಳಗೇ ಮಾಡಿನ ಒಂದೇ ಒಂದು ಗಾಜಿನ ಹಂಚಿನ ಕೆಳಗೆ ಇಟ್ಟರು. ಅಲ್ಲಿ ಒಂದು ಮಣೆಯಗಲ ಬೆಳಕು ಬೀಳುತ್ತಿತ್ತು. ಮೊಳಕೆ ಬಂತು. ಆಮೇಲೆ ಬಿಳಿಚಿಕೊಂಡು ಉದ್ದಕ್ಕೆ ಎದ್ದು ಮಕಾಡೆ ಮಲಗಿತು. ಮರುವರ್ಷವೂ ಅದೇ ಕಥೆ. ಮೂರನೇ ವರ್ಷ ಮೆಂತ್ಯ, ಪುದೀನವನ್ನೂ ಸೇರಿಸಿದರು. ಅವೂ ಅದೇ ದಾರಿ ಹಿಡಿದವು.

"ಹಂಚಿನ ಮೇಲೆ ಪಾಚಿ ಕಟ್ಟೈತೆ ಕಣ್ರೀ, ಬೆಳಕೇ ಬೀಳ್ತಿಲ್ಲ. ಒಂದ್ಸಲ ಹತ್ತಿ ನೋಡ್ರೀ," ಎಂದು ಆಕೆ ಗಂಡನಿಗೆ ಹೇಳುವುದು ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು.

"ಹೋದ್ ವಾರಾನೇ ಹತ್ತಿದ್ದೆ. ಎಲ್ಲ ಸರಿಯಾಗೈತೆ," ಎನ್ನುತ್ತಿದ್ದರು ನಂಜುಂಡಯ್ಯ.

ಆಕೆ ಗೊಬ್ಬರ ಬದಲಿಸಿದರು, ಬೀಜ ಬದಲಿಸಿದರು. ಕೊನೆಗೆ ತಮ್ಮ ಅಂಗೈಯನ್ನೇ ತಿರುಗಿಸಿ ನೋಡಿಕೊಳ್ಳತೊಡಗಿದರು. "ನಿಜ್ವಾಗ್ಲೂ ನನ್ ಕೈ ಸರಿ ಇಲ್ವೇನೋ," ಎಂದು ಒಂದು ದಿನ ನನ್ನೆದುರು ಅತ್ತೇಬಿಟ್ಟರು. ಯಾರನ್ನು ಬೈಯಬೇಕೆಂದು ತಿಳಿಯದೆ ನಾನು ಕೊತ್ತಂಬರಿಯನ್ನೇ ಬೈದೆ.

ನಾಲ್ಕನೇ ವರ್ಷ ಜುಲೈ ಗಾಳಿಗೆ ಹಂಚು ಜರುಗಿ ಮನೆ ಸೋರಿತು. ಸರಿಮಾಡಲು ಹತ್ತಿದ ಆಳು ಕೆಂಚಯ್ಯ ಮೇಲಿನಿಂದಲೇ ಕೂಗಿದ: "ಯಾರವ್ವ, ಗಾಜಿನ್ ಹಂಚಿಗೆ ಜರಿಸೊಪ್ಪು ಹೊದ್ಸಿ ಕಲ್ಲು ಹೇರಿರೋದು? ನಾಲ್ಕು ಪದರ ಐತಲ್ಲ!"

"ನಾನೇ," ಎಂದರು ಅಂಗಳದಲ್ಲಿದ್ದ ನಂಜುಂಡಯ್ಯ, ಒಂದಿಷ್ಟೂ ಅಳುಕಿಲ್ಲದೆ. "ಎಳೇ ಗಿಡಕ್ಕೆ ನೆರಳು ಬೇಕು ಕಣೋ. ಇಪ್ಪತ್ತು ವರ್ಷದಿಂದ ಸಸಿ ಸಾಕ್ತಿದೀನಿ, ನಂಗೊತ್ತಿಲ್ವಾ?"

ಕಾಫಿ ಸಸಿಗೆ ಜರಿಸೊಪ್ಪಿನ ಚಪ್ಪರ ಹಾಕಿ ಹಾಕಿ ಈ ಮನುಷ್ಯನಿಗೆ ಬಿಸಿಲೆಂದರೆ ಹಗೆ. ಮಳೆಗಾಲದ ಅರೆಬೆಳಕಿಗೂ ಚಪ್ಪರ!

"ನಾಲ್ಕು ಪದರ ಯಾಕೆ?" ಗುರುಶಾಂತಮ್ಮ ಮೆಲ್ಲಗೆ ಕೇಳಿದರು.

"ವರ್ಷ ವರ್ಷಾನೂ ಸಾಯ್ತಿತ್ತಲ್ಲ. ನಿನ್ ಕೈಗುಣ ಹಂಗೈತೆ, ಪಾಪ ಅಂತ ಒಂದೊಂದು ಪದರ ಜಾಸ್ತಿ ಹಾಕ್ತಾ ಬಂದೆ."

ನಾನಾಗಿದ್ದರೆ ಡಬ್ಬ ಎತ್ತಿ ಎಸೆಯುತ್ತಿದ್ದೆ. ಆಕೆ ಕೆಂಚಯ್ಯನಿಂದ ಆ ಸೊಪ್ಪೆಲ್ಲ ತೆಗೆಸಿ, ಒಳಗೆ ಹೋಗಿ ಹೊಸದಾಗಿ ಬೀಜ ಬಿತ್ತಿದರು.

ಸೆಪ್ಟೆಂಬರಿಗೆ ಗೇಣುದ್ದ ಸೊಪ್ಪು ಬಂತು. ಘಮ ಗೋಡೆ ದಾಟಿ ನಮ್ಮ ಮನೆಗೂ ಬಂತು. ಎಲ್ಲರ ಮನೆಗೂ ಒಂದೊಂದು ಹಿಡಿ ಕೊಟ್ಟರು. "ಈ ಸಲ ನಿಮ್ಮನೆಯೋರನ್ನೇ ಕರೀರಿ," ಎಂದು ಚೆಲುವಮ್ಮನೇ ನಂಜುಂಡಯ್ಯನಿಗೆ ಹೇಳಿದಳು. ಡಿಸೆಂಬರ್ ಬಂತು. ನಂಜುಂಡಯ್ಯ ಮತ್ತೆ ಚೆಲುವಮ್ಮನನ್ನೇ ಕರೆದರು.

"ಡಬ್ಬದ ಸೊಪ್ಪೇ ಬೇರೆ, ಎಸ್ಟೇಟಿನ ಬೀಜಾನೇ ಬೇರೆ ಕಣೇ," ಎಂದರಂತೆ ಹೆಂಡತಿಗೆ.

ಆ ಮಧ್ಯಾಹ್ನ ಊಟಕ್ಕೆ ಕೂತವರು ಸಾರು ಕಲಸುತ್ತಾ, "ಕೊತ್ತಂಬರಿ ಹಾಕಿಲ್ವೇನೇ?" ಎಂದು ಕೇಳಿದ್ದು ನನಗೂ ಕೇಳಿತು.

"ನನ್ ಕೈಗುಣ ಸರಿ ಇಲ್ವಲ್ಲ," ಎಂದರು ಗುರುಶಾಂತಮ್ಮ.

ಇದಾಗಿ ಏಳು ವರ್ಷ. ಈಗ ಮಳೆಗಾಲವಿಡೀ ಆ ಅಡುಗೆಮನೆಯಲ್ಲಿ ಎಂಟು ಡಬ್ಬ ಸೊಪ್ಪು ಬೆಳೆಯುತ್ತದೆ. ನಮಗೂ ಬರುತ್ತದೆ, ಚೆಲುವಮ್ಮನಿಗೂ ಹೋಗುತ್ತದೆ. ನಂಜುಂಡಯ್ಯನ ತಟ್ಟೆಗೆ ಮಾತ್ರ ಇವತ್ತಿನವರೆಗೆ ಒಂದೆಲೆಯೂ ಬಿದ್ದಿಲ್ಲ.